ಹಾಲಿನ ಋಣ ಯಾರದು?

ಹಸು ಕರು ಹಾಕಿತೆಂದು ಹಾಲಿನವನು ಹೇಳಿದರೆ ನಮ್ಮ ಹೆಂಗಸರು ಮೊದಲು ಕೇಳುವುದು, "ಗಿಣ್ಣು ಯಾವಾಗ ತರ್ತೀಯಪ್ಪ?" ಎಂದು. ಕರು ಹೆಣ್ಣೋ ಗಂಡೋ ಎಂಬುದು ಆಮೇಲಿನ ಮಾತು. ಆ ಹಾಲಿಗೆ ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿಟ್ಟು, ಗಟ್ಟಿಯಾದ ಮೇಲೆ ಕತ್ತರಿಸಿ, ಅಕ್ಕಪಕ್ಕದ ಮನೆಗಳಿಗೂ ಒಂದೊಂದು ತುಂಡು ಕಳಿಸಿ ತಿಂದು ಸಂತೋಷಪಟ್ಟವರು ನಾವು. ಅದೇ ನಾವು, ಮನೆಯ ಮಗಳೋ ಸೊಸೆಯೋ ಹೆತ್ತಾಗ ಅವಳ ಎದೆಯಲ್ಲಿ ಮೊದಲ ಎರಡು ಮೂರು ದಿನ ಬರುವ ಹಳದಿ ಬಣ್ಣದ ಮಂದ ಹಾಲನ್ನು ಮಾತ್ರ 'ಕೆಟ್ಟ ಹಾಲು, ಮಗುವಿಗೆ ಅರಗೋದಿಲ್ಲ' ಎಂದು ಹಿಂಡಿ ಚೆಲ್ಲಿಸಿದೆವು. ಹಸುವಿನ ಗಿಣ್ಣು ಹಬ್ಬವಾಯಿತು, ಹೆಣ್ಣಿನ ಗಿಣ್ಣು ಬಚ್ಚಲ ಪಾಲಾಯಿತು. ಕರುವಿಗೆ ಸೇರಬೇಕಾದದ್ದನ್ನು ತಿಂದೆವು, ಮಗುವಿಗೆ ಸೇರಬೇಕಾದದ್ದನ್ನು ಚೆಲ್ಲಿದೆವು. ಮಗುವಿಗೆ ಅದೇ ಮೊದಲ ಲಸಿಕೆ ಎಂದು ಈಗ ಯಾವ ನರ್ಸಮ್ಮನನ್ನು ಕೇಳಿದರೂ ಹೇಳುತ್ತಾರೆ. ಆದರೂ 'ಎದೆಹಾಲು ಅಮೃತ' ಎಂಬ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಈ ಗಿಣ್ಣಿನ ಲೆಕ್ಕ ನೆನಪಾಗುತ್ತದೆ. ಹಾಲನ್ನು ಹೊಗಳುವುದು ಸುಲಭ. ಹಾಲು ಕೊಡುವವಳನ್ನು ಹೇಗೆ ನಡೆಸಿಕೊಂಡೆವು ಎಂಬುದು ಬೇರೆಯೇ ಪ್ರಶ್ನೆ.

ನಾನು ಸೊಸೆಯಾಗಿ ಬಂದು ಸೇರಿದ್ದು ಬಳೇಪೇಟೆಯ ಮನೆಗೆ. ಕೆಳಗೆ ಅಂಗಡಿ, ಮೇಲೆ ಮನೆ, ನಡುವೆ ಒಬ್ಬರು ಹತ್ತಿದರೆ ಇನ್ನೊಬ್ಬರು ಇಳಿಯಲಾಗದಷ್ಟು ಕಿರಿದಾದ ಮೆಟ್ಟಿಲು. ಬೀದಿಯುದ್ದಕ್ಕೂ ಬಳೆ ಅಂಗಡಿ, ವಾದ್ಯದ ಅಂಗಡಿ, ಗ್ರಂಧಿಗೆ ಅಂಗಡಿ. ಒಬ್ಬ ಹೆಂಗಸಿನ ಬಸಿರು ಬಾಣಂತನಕ್ಕೆ ಬೇಕಾದ್ದೆಲ್ಲ ನಡೆದುಹೋಗುವಷ್ಟು ದೂರದಲ್ಲೇ ಸಿಗುತ್ತಿತ್ತು. ಸೀಮಂತಕ್ಕೆ ಹಸಿರು ಗಾಜಿನ ಬಳೆ. ಹೆರಿಗೆಗೆ ವಾಣಿವಿಲಾಸ ಆಸ್ಪತ್ರೆ. 1935ರಲ್ಲಿ ಶುರುವಾದದ್ದು, ಮಹಾರಾಣಿ ಕೆಂಪನಂಜಮ್ಮಣ್ಣಿಯವರ ಬಿರುದಿನ ಹೆಸರು ಹೊತ್ತದ್ದು. ಹೆರಿಗೆಯಾದ ಮೇಲೆ ಗ್ರಂಧಿಗೆ ಅಂಗಡಿಗೆ ಹೋಗಿ "ಬಾಣಂತಿ ಸಾಮಾನು" ಎಂದರೆ ಸಾಕು, ಹಿಪ್ಪಲಿ, ಒಣಶುಂಠಿ, ಓಮ, ಬಜೆ, ಅಳಲೆಕಾಯಿ, ಜಾಕಾಯಿ ಎಲ್ಲ ಪೊಟ್ಟಣ ಕಟ್ಟಿ ಕೊಡುತ್ತಿದ್ದರು. ಬೆಳಿಗ್ಗೆ ಬೀದಿಯಲ್ಲಿ ಕತ್ತೆ ಹಾಲಿನವರ ಕೂಗು. ಹುಟ್ಟಿದ ಮಗುವಿಗೆ ಜೇನುತುಪ್ಪ, ಸಕ್ಕರೆ ನೀರು, ಹರಳೆಣ್ಣೆ, ತೇಯ್ದ ಬಜೆ, ಒಂದು ಒಳಲೆ ಕತ್ತೆ ಹಾಲು... ತಾಯಿಯ ಹಾಲಿನ ಸರದಿ ಬರುವುದರೊಳಗೆ ಮಗು ಇಡೀ ಪೇಟೆಯ ರುಚಿ ನೋಡಿರುತ್ತಿತ್ತು!

ಹಾಗೆಂದು ಹಳೆಯ ಬಾಣಂತನವನ್ನೆಲ್ಲ ಗೇಲಿ ಮಾಡಿ ಕೈ ತೊಳೆದುಕೊಳ್ಳುವ ಹಾಗಿಲ್ಲ. ನಮ್ಮತ್ತೆಯ ಕಟ್ಟಳೆ ಏನೆಂದರೆ ಎಣ್ಣೆನೀರು, ಸಾಂಬ್ರಾಣಿ ಹೊಗೆ, ಕಿವಿ ಮುಚ್ಚುವಂತೆ ತಲೆಗೊಂದು ಬಟ್ಟೆ, ಮೆಣಸಿನ ಸಾರು, ಸಬ್ಬಸಿಗೆ ಸೊಪ್ಪು, ಸುಟ್ಟ ಬೆಳ್ಳುಳ್ಳಿ. ನೀರು ಮಾತ್ರ ಅಳತೆಯಲ್ಲಿ. ಹೆಚ್ಚು ಕುಡಿದರೆ ಮಗುವಿಗೆ ಶೀತ ಎಂದು. ಹಾವೇರಿ ಕಡೆಯಿಂದ ಬಂದ ನನ್ನ ಓರಗಿತ್ತಿಗೆ ಇದು ಬಾಣಂತನ ಎನಿಸಲೇ ಇಲ್ಲ. "ಅಳವಿ ಪಾಯಸಾ ಇಲ್ಲ, ಅಂಟಿನ ಉಂಡಿ ಇಲ್ಲ, ಬರೇ ಸಾರು ಅನ್ನಾ ತಿಂದ್ರ ಹಾಲು ಎಲ್ಲಿಂದ ಬರಬೇಕ್ರಿ ಅಕ್ಕಾ?" ಎನ್ನುತ್ತಿದ್ದಳು. ಮಂಗಳೂರಿನ ಗೆಳತಿ ಮೆಂತ್ಯದ ಗಂಜಿಯ ಮೇಲೆ ಆಣೆಯಿಡುತ್ತಾಳೆ. ಒಂದು ಸೀಮೆಯಲ್ಲಿ ನಂಜು ಎಂದು ಬಿಡಿಸಿದ್ದನ್ನು ಇನ್ನೊಂದು ಸೀಮೆಯಲ್ಲಿ ಹಾಲು ಹೆಚ್ಚಲೆಂದು ತಿನ್ನಿಸುತ್ತಾರೆ. ಇಷ್ಟೆಲ್ಲ ಬೇರೆಬೇರೆಯಾಗಿದ್ದೂ ಎಲ್ಲ ಕಡೆ ಒಬ್ಬರದೂ ಮಕ್ಕಳು ಬೆಳೆದದ್ದು ಹೇಗೆ?

ನನಗನ್ನಿಸುವುದು, ಗುಣ ಕೊಟ್ಟದ್ದು ಅಳವಿಯೂ ಅಲ್ಲ, ಸಬ್ಬಸಿಗೆಯೂ ಅಲ್ಲ. ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವುದೆಂಬ ಪದ್ಧತಿಯೇ ದೊಡ್ಡ ಮದ್ದು. ಮೂರು ತಿಂಗಳೋ ಐದು ತಿಂಗಳೋ ಆ ಹುಡುಗಿ ಒಲೆಯ ಮುಂದೆ ನಿಲ್ಲುವಂತಿಲ್ಲ, ನೀರು ಸೇದುವಂತಿಲ್ಲ, ಯಾರಿಗೂ ಬಡಿಸುವಂತಿಲ್ಲ. ಹಸಿದಾಗ ಅವಳಿಗೆ ತಟ್ಟೆ ಬರುತ್ತದೆ, ಅತ್ತಾಗ ಅವಳ ಕೈಗೆ ಮಗು ಬರುತ್ತದೆ. ಸರ್ಕಾರ ಹೆರಿಗೆ ರಜೆಯ ಕಾನೂನು ತಂದದ್ದು 1961ರಲ್ಲಿ. ನಮ್ಮ ಅಜ್ಜಿಯರು ಅದನ್ನು ಯಾವ ಕಾಗದವೂ ಇಲ್ಲದೆ ತವರುಮನೆಯಲ್ಲಿ ಜಾರಿಗೆ ತಂದಿದ್ದರು. ಆದರೆ ಅದು ಎಲ್ಲರ ಪಾಲಿಗೆ ಬಂದದ್ದಲ್ಲ. ತವರು ಬಡತನದ್ದಾದರೆ ಇಲ್ಲ, ತಾಯಿ ಇಲ್ಲದವಳಿಗೆ ಇಲ್ಲ, ಎರಡನೆಯದಕ್ಕೆ ಅರ್ಧ, ಮೂರನೆಯದಕ್ಕೆ ಯಾರೂ ಕೇಳುವುದೇ ಇಲ್ಲ. ಹೊಲದ ಕೂಲಿಗೆ ಹೋಗುವವಳಿಗಂತೂ ಮಗು ಮರದ ಕೆಳಗಿನ ಸೀರೆಯ ಜೋಲಿಯಲ್ಲಿ, ತಾಯಿ ಸಾಲಿನ ಆ ತುದಿಯಲ್ಲಿ.

ಇನ್ನು ಇಂದಿನ ಹೆರಿಗೆಯ ಮಾತು. ನನ್ನ ಅಕ್ಕನ ಸೊಸೆ ಬ್ಯಾಂಕಿನಲ್ಲಿ ಕೆಲಸ ಮಾಡುವವಳು, ಓದಿಕೊಂಡವಳು. ಕೆಲವು ವರ್ಷದ ಹಿಂದೆ ಒಂದು ಖಾಸಗಿ ಆಸ್ಪತ್ರೆಯಲ್ಲಿ ಅವಳಿಗೆ ಸಿಸೇರಿಯನ್ ಆಯಿತು. ಮಗುವನ್ನು ಬೇರೆ ಕೋಣೆಯಲ್ಲಿಟ್ಟರು. ಆ ರಾತ್ರಿ, ಯಾರನ್ನೂ ಕೇಳದೆ, ಪುಡಿ ಹಾಲಿನ ಬಾಟಲಿ ಮಗುವಿನ ಬಾಯಿಗೆ ಬಂತು. ಬೆಳಿಗ್ಗೆ ಕೇಳಿದರೆ, "ತಾಯಿಗೆ ಇನ್ನೂ ಹಾಲು ಬಂದಿಲ್ಲವಲ್ಲ" ಎಂಬ ಉತ್ತರ. ಆಮೇಲೆ ಶುರುವಾಯಿತು ನಮ್ಮವರ ಮೆರವಣಿಗೆ. ಹಣ್ಣು ಹಿಡಿದು ಬಂದವರೆಲ್ಲ ಬಾಗಿಲಲ್ಲೇ, "ಹಾಲು ಬಂತಾ?" ಎನ್ನುವವರು. ಬೇಸಿಗೆಯಲ್ಲಿ ವಠಾರದವರು "ನಲ್ಲೀಲಿ ನೀರು ಬಂತಾ?" ಎಂದು ಕೇಳುವ ಧಾಟಿಯಲ್ಲೇ! ಒಬ್ಬರು ಬೆಳ್ಳುಳ್ಳಿ ಎಂದರು, ಒಬ್ಬರು ದೃಷ್ಟಿ ಎಂದರು. ಮತ್ತೊಬ್ಬರು, "ಈಗಿನ ಹುಡುಗಿಯರಿಗೆ ಮೈಕಟ್ಟಿನ ಚಿಂತೆ" ಎಂದು ಅವಳಿಗೆ ಕೇಳುವಂತೆಯೇ ಹೇಳಿದರು. ಮೂರನೆಯ ದಿನ ಅವಳು ಗೋಡೆಯ ಕಡೆ ತಿರುಗಿ ಮಲಗಿದ್ದವಳು, "ಚಿಕ್ಕಮ್ಮ, ನಾನು ತಾಯಿ ಅನ್ನಿಸಿಕೊಳ್ಳೋಕೆ ಲಾಯಕ್ಕಿಲ್ವಾ?" ಎಂದಳು.

ಮೂರು ದಿನದ ಬಾಣಂತಿ ಕೇಳುವ ಪ್ರಶ್ನೆಯೇ ಇದು? ಇದನ್ನು ಅವಳ ಬಾಯಲ್ಲಿ ಇಟ್ಟವರು ಯಾರು?

ನಮ್ಮ ಬೀದಿಯಲ್ಲಿ ನರ್ಸ್ ಕೆಲಸದಿಂದ ನಿವೃತ್ತರಾದ ಒಬ್ಬರು ಇದ್ದರು. ಅವರನ್ನು ಕರೆದುಕೊಂಡು ಹೋದೆ. ಅವರು ಮಾಡಿದ ಮೊದಲ ಚಿಕಿತ್ಸೆ ನಮ್ಮನ್ನೆಲ್ಲ ಕೋಣೆಯಿಂದ ಹೊರಗೆ ಕಳಿಸಿದ್ದು. ಆಮೇಲೆ ಮಗುವನ್ನು ಅವಳ ಮೈಗೆ ತಾಗುವಂತೆ ಮಲಗಿಸಿ, ಗಾಯದ ಮೇಲೆ ಭಾರ ಬೀಳದಂತೆ ಹಿಡಿಯುವುದನ್ನು ಹೇಳಿಕೊಟ್ಟರು. ಹುಟ್ಟಿದ ಮಗುವಿನ ಹೊಟ್ಟೆ ಎಷ್ಟು ಚಿಕ್ಕದು, ಮೊದಲ ದಿನಗಳಲ್ಲಿ ಅದಕ್ಕೆ ಬೇಕಾದದ್ದು ಕೆಲವೇ ಚಮಚ, ಅಷ್ಟು ನಿನ್ನಲ್ಲಿದೆ ಎಂದರು. ಮಗು ಎಷ್ಟು ಚೀಪುತ್ತದೋ ಅಷ್ಟು ಹಾಲು ಊರುತ್ತದೆ. ಬಾಟಲಿಯಲ್ಲಿ ಹೊಟ್ಟೆ ತುಂಬಿದ ಮಗು ಚೀಪುವುದಿಲ್ಲ, ಚೀಪದಿದ್ದರೆ ಹಾಲು ಊರುವುದಿಲ್ಲ. ಆಗ 'ನಿನಗೆ ಹಾಲಿಲ್ಲ' ಎಂಬ ಮಾತು ತಾನೇ ತಾನಾಗಿ ನಿಜವಾಗುತ್ತದೆ. ಸಿಸೇರಿಯನ್ ಆದವರಿಗೆ ಹಾಲು ಇಳಿಯುವುದು ಒಂದೆರಡು ದಿನ ತಡವಾಗುವುದೂ ಉಂಟು. ನೋವು, ಹೆದರಿಕೆ, ಅವಮಾನ ಇವೂ ಹಾಲು ಹರಿಯುವುದನ್ನು ತಡೆಯುತ್ತವೆ, ಇದು ನಾಟಕದ ಮಾತಲ್ಲ, ದೇಹದ ರಸದೂತಗಳ ಕೆಲಸ. "ದಿನಕ್ಕೆ ಆರು ಸಲ ಬಟ್ಟೆ ಒದ್ದೆಯಾಗುತ್ತಾ, ಅದನ್ನ ಎಣಿಸು. ಬಂದವರ ಮಾತು ಎಣಿಸಬೇಡ" ಎಂದರು ಅವರು. ಎರಡು ವಾರದಲ್ಲಿ ಬಾಟಲಿ ಅಟ್ಟ ಸೇರಿತು.

ಇದು ಒಂದು ಮನೆಯ ಕಥೆಯಾಗಿದ್ದರೆ ಬರೆಯುತ್ತಿರಲಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿಗಳನ್ನು ನೋಡಿ. 2015–16ರ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ ನೂರು ಹೆರಿಗೆಗಳಲ್ಲಿ 94 ಆಸ್ಪತ್ರೆಗಳಲ್ಲಿ ಆಗಿದ್ದವು. 2019–21ರ ಸಮೀಕ್ಷೆಯ ಹೊತ್ತಿಗೆ ಅದು 97 ಆಯಿತು. ಸಂತೋಷವೇ. ಆದರೆ ಹುಟ್ಟಿದ ಒಂದು ಗಂಟೆಯೊಳಗೆ ತಾಯಿಯ ಹಾಲು ಕುಡಿದ ಮಕ್ಕಳು ನೂರಕ್ಕೆ ಸುಮಾರು 56 ಇದ್ದದ್ದು 49ಕ್ಕೆ ಇಳಿಯಿತು. ಅದೇ ಅವಧಿಯಲ್ಲಿ ಸಿಸೇರಿಯನ್ ಹೆರಿಗೆ ನೂರಕ್ಕೆ 24ರ ಆಸುಪಾಸಿನಿಂದ 31ನ್ನು ದಾಟಿತು. ಇನ್ನೊಂದು ಅಂಕಿ ಇದಕ್ಕೆ ತದ್ವಿರುದ್ಧ: ಆರು ತಿಂಗಳ ಒಳಗಿನ ಮಕ್ಕಳಲ್ಲಿ ಬರೀ ಎದೆಹಾಲಿನ ಮೇಲೆ ಇರುವವರು ನೂರಕ್ಕೆ 54ರಿಂದ 61ಕ್ಕೆ ಏರಿದರು. ಅಂದರೆ ತಾಯಂದಿರಿಗೆ ಮನಸ್ಸು ಕಡಿಮೆಯಾಗಿಲ್ಲ. ಮೊದಲ ಗಂಟೆ ಅವಳ ಕೈಯಲ್ಲಿ ಇಲ್ಲ, ಅಷ್ಟೆ. ಆ ಗಂಟೆಯಲ್ಲಿ ಅವಳು ಮೇಜಿನ ಮೇಲೆ ಮಲಗಿರುತ್ತಾಳೆ. ಮಗು ಯಾರ ಕೈಯಲ್ಲಿ, ಯಾವ ಕೋಣೆಯಲ್ಲಿ ಎಂಬುದನ್ನು ಬೇರೆಯವರು ತೀರ್ಮಾನಿಸುತ್ತಾರೆ. ಅಂಕಿ ಇಳಿದರೆ ಭಾಷಣ ಕೇಳಿಸಿಕೊಳ್ಳುವವಳು ಮಾತ್ರ ಅವಳೇ.

ಡಬ್ಬದ ಹಾಲಿನ ಕಥೆಯೂ ಇಂಥದ್ದೇ. ನಮ್ಮ ಅಡುಗೆಮನೆಯ ಗೂಡಿನಲ್ಲಿ ಲ್ಯಾಕ್ಟೋಜನ್, ಅಮುಲ್‌ಸ್ಪ್ರೇ ಡಬ್ಬಗಳು ಸಾಲಾಗಿ ನಿಂತಿರುತ್ತಿದ್ದವು. ಒಂದರಲ್ಲಿ ಹುರಿಗಡಲೆ, ಒಂದರಲ್ಲಿ ಧನಿಯ. ಪುಡಿ ಹಾಲು ಕುಡಿದ ಮಗು ಮನೆಯಲ್ಲಿದೆ ಎನ್ನುವುದಕ್ಕೆ ಆ ಡಬ್ಬಗಳೇ ಸಾಕ್ಷಿ, ಅಂತಸ್ತಿನ ಗುರುತು. ಗುಂಡುಗುಂಡಾದ ಕೂಸನ್ನು ಕಂಡರೆ 'ಗ್ಲ್ಯಾಕ್ಸೋ ಬೇಬಿ' ಎನ್ನುತ್ತಿದ್ದೆವು. ತಾಯಿ ಹಾಲು ಕುಡಿದು ಸಾಧಾರಣ ಬೆಳೆದ ಮಗುವಿಗೆ ಹಾಗೊಂದು ಬಿರುದಿಲ್ಲ! ಮೊದಲು ಕಾರಿರುವವರ ಮನೆಯಲ್ಲಿ ಬಂದ ಡಬ್ಬ ಆಮೇಲೆ ಗುಮಾಸ್ತರ ಮನೆಗೆ, ಅಲ್ಲಿಂದ ಮುಸುರೆ ತಿಕ್ಕುವವಳ ಗುಡಿಸಲಿಗೆ ಇಳಿಯಿತು. ಅವಳಿಗೆ ಒಂದು ಡಬ್ಬ ವಾರಕ್ಕಲ್ಲ, ತಿಂಗಳಿಗೆ ಬರಬೇಕು. ಹಾಗಾಗಿ ನೀರು ಹೆಚ್ಚು, ಪುಡಿ ಕಡಿಮೆ. ಆ ನೀರೂ ಕುದಿಸಿದ್ದಲ್ಲ. ಪ್ರಪಂಚದ ಬಡ ದೇಶಗಳಲ್ಲೆಲ್ಲ ಹೀಗೆ ಮಕ್ಕಳು ಬೇಧಿಯಿಂದ ಸಾಯುವುದನ್ನು ಕಂಡು 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸಭೆ ಪುಡಿ ಹಾಲಿನ ಮಾರಾಟಕ್ಕೆ ನಿಯಮಾವಳಿ ಒಪ್ಪಿತು. ನಮ್ಮಲ್ಲಿ 1992ರಲ್ಲಿ ಕಾಯ್ದೆಯೇ ಬಂತು, 2003ರಲ್ಲಿ ಬಿಗಿಯಾಯಿತು. ಜಾಹೀರಾತು ಕೂಡದು, ಪುಕ್ಕಟೆ ಡಬ್ಬ ಹಂಚಕೂಡದು, ಡಬ್ಬದ ಮೇಲೆ ಮುದ್ದು ಮಗುವಿನ ಚಿತ್ರವೂ ಕೂಡದು. ಇದು ತಾಯಂದಿರಿಗೆ ಹಾಕಿದ ಕಟ್ಟಲ್ಲ, ವ್ಯಾಪಾರಕ್ಕೆ ಹಾಕಿದ್ದು. ಪುಡಿ ಹಾಲೇ ಪಾಪವೇನಲ್ಲ. ನಿಜವಾಗಿಯೂ ಹಾಲು ಸಾಲದ ತಾಯಂದಿರಿದ್ದಾರೆ, ಕಾಯಿಲೆಗೆ ಕಟುವಾದ ಔಷಧಿ ತೆಗೆದುಕೊಳ್ಳುವವರಿದ್ದಾರೆ, ದತ್ತು ತೆಗೆದುಕೊಂಡವರಿದ್ದಾರೆ. ಅವರ ಮಕ್ಕಳನ್ನು ಉಳಿಸಿದ್ದೂ ಅದೇ ಡಬ್ಬ. ಅವರೆದುರು ನಿಂತು ಅಮೃತದ ಭಾಷಣ ಮಾಡುವುದಕ್ಕಿಂತ ಕ್ರೌರ್ಯ ಬೇರೆ ಬೇಕೆ?

ಹಾಗಾದರೆ ಮೊಲೆಯೂಡಿಸುವುದು ತಾಯಿಯ ಕರ್ತವ್ಯವೋ ಅಲ್ಲವೋ? ಕರ್ತವ್ಯವೆಂದೇ ನಮ್ಮನ್ನು ಬೆಳೆಸಿದ್ದಾರೆ. ಮಗುವಿಗೆ 'ತಾಯಿಯ ಹಾಲಿನ ಋಣ' ಎಂದು ಕಲಿಸುತ್ತೇವೆ. ಅದು ಮಗು ತಾಯಿಗೆ ತೀರಿಸಬೇಕಾದ ಸಾಲ. ತಾಯಿ ಮಗುವಿಗೆ ಹಾಲು ಕೊಡಬೇಕು, ಮಗು ಮುಂದೆ ತಾಯಿಗೆ ಅನ್ನ ಹಾಕಬೇಕು. ಲೆಕ್ಕ ಇಬ್ಬರ ನಡುವೆಯೇ ಮುಗಿಯಿತು. ಮನೆ, ಬೀದಿ, ಆಸ್ಪತ್ರೆ, ಅಂಗಡಿ, ಕಚೇರಿ ಯಾರೂ ಈ ಖಾತೆಯಲ್ಲಿ ಇಲ್ಲ. ನಾವೆಲ್ಲ ಪಾಠದಲ್ಲಿ ಓದಿ ಅತ್ತ ಗೋವಿನ ಹಾಡನ್ನು ನೆನೆಸಿಕೊಳ್ಳಿ. ಪುಣ್ಯಕೋಟಿ ಮಾತಿಗೆ ತಪ್ಪದವಳು ಎಂದು ಮೇಷ್ಟರು ಹೇಳಿಕೊಟ್ಟರು. ಆದರೆ ಅವಳು ಹುಲಿಯ ಬಳಿಗೆ ಹಿಂತಿರುಗುವ ಮೊದಲು ದೊಡ್ಡಿಯ ಉಳಿದ ಹಸುಗಳನ್ನೆಲ್ಲ ಕರೆದು ಕರುವನ್ನು ಒಪ್ಪಿಸುತ್ತಾಳಲ್ಲ, ಅದರ ಬಗ್ಗೆ ಪರೀಕ್ಷೆಯಲ್ಲಿ ಪ್ರಶ್ನೆ ಬಂದದ್ದು ನನಗೆ ನೆನಪಿಲ್ಲ. ಕರು ಉಳಿಯುವುದು ತಾಯಿಯ ಸತ್ಯದಿಂದಷ್ಟೇ ಅಲ್ಲ, ದೊಡ್ಡಿಯಿಂದ ಎಂದು ಆ ಹಸುವಿಗೆ ಗೊತ್ತಿತ್ತು.

ಈ ಲೆಕ್ಕವನ್ನು ಕೋರ್ಟು ಬೇರೆ ರೀತಿಯಲ್ಲಿ ಬರೆದದ್ದು ನಮ್ಮ ಪಕ್ಕದ ಚಾಮರಾಜಪೇಟೆಯ ಒಂದು ಪ್ರಕರಣದಲ್ಲಿ. 2020ರ ಮೇ ತಿಂಗಳಲ್ಲಿ ಅಲ್ಲಿಯ ಒಂದು ಹೆರಿಗೆ ಆಸ್ಪತ್ರೆಯಿಂದ ಹಸುಗೂಸೊಂದು ಕಳುವಾಯಿತು. ಒಂದು ವರ್ಷದ ಮೇಲೆ ಪೊಲೀಸರು ಪತ್ತೆ ಮಾಡಿದಾಗ ಮಗು ಬೇರೊಂದು ಊರಿನ ದಂಪತಿಯ ಮನೆಯಲ್ಲಿ ಅಕ್ಕರೆಯಿಂದ ಬೆಳೆಯುತ್ತಿತ್ತು. ಹೆತ್ತವಳಿಗೆ ಈಗಾಗಲೇ ಇಬ್ಬರು ಮಕ್ಕಳಿದ್ದಾರೆ, ತನಗೆ ಒಂದೂ ಇಲ್ಲ ಎಂಬುದು ಸಾಕಿದವಳ ವಾದ. 2021ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅವರು, ಮಕ್ಕಳು ಎಣಿಸಿ ಹಂಚುವ ಸಾಮಾನಲ್ಲ ಎಂದರು. ಎದೆಹಾಲೂಡಿಸುವುದು ತಾಯಿಯಿಂದ ಕಿತ್ತುಕೊಳ್ಳಲಾಗದ ಹಕ್ಕು, ಮಗುವಿನ ಹಕ್ಕೂ ಅದರೊಡನೆ ಸೇರಿಕೊಂಡಿದೆ, ಸಂವಿಧಾನದ 21ನೇ ವಿಧಿ ಅದನ್ನು ಕಾಯುತ್ತದೆ ಎಂದು ತೀರ್ಪಿತ್ತರು. ಒಂದು ವರ್ಷದ ಹಾಲು ಆ ಮಗುವಿಗೂ ಇಲ್ಲ, ಆ ತಾಯಿಗೂ ಇಲ್ಲ. ಅದನ್ನು ಯಾವ ತೀರ್ಪೂ ಹಿಂದಕ್ಕೆ ಕೊಡಲಾರದು. ಆ ಇಬ್ಬರು ಹೆಂಗಸರು ಬೇರೆಬೇರೆ ಮತದವರು. ಮಗುವನ್ನು ಸಾಕಿದವಳು ಹೆತ್ತವಳಿಗೆ ಒಪ್ಪಿಸಿದಳು. ಹೆತ್ತವಳು, ಯಾವಾಗ ಬೇಕಾದರೂ ಬಂದು ಮಗುವನ್ನು ನೋಡು ಎಂದಳು. ನನಗೆ ದೇವಕಿ ಯಶೋದೆಯರು ನೆನಪಾದರು.

ಹಕ್ಕು ಎಂಬ ಮಾತು ನನಗೆ ಹಿಡಿಸಿತು. ಕರ್ತವ್ಯ ಎಂದರೆ ಎಲ್ಲರೂ ಅವಳ ಕಡೆ ಬೆರಳು ತೋರಿಸಬಹುದು. ಹಕ್ಕು ಎಂದರೆ ಅವಳು ನಮ್ಮ ಕಡೆ ತಿರುಗಿ ಕೇಳಬಹುದು: ಎಲ್ಲಿ ಜಾಗ, ಎಲ್ಲಿ ಹೊತ್ತು? ಹೆರಿಗೆ ರಜೆಯನ್ನು 2017ರಲ್ಲಿ 12 ವಾರದಿಂದ 26 ವಾರಕ್ಕೆ ಏರಿಸಿದರು, 50 ಅಥವಾ ಅದಕ್ಕಿಂತ ಹೆಚ್ಚು ಮಂದಿ ಇರುವ ಕಡೆ ಶಿಶುವಿಹಾರ ಇರಬೇಕೆಂದರು. ಆರು ತಿಂಗಳು ಬರೀ ಎದೆಹಾಲು ಎನ್ನುವ ವೈದ್ಯರ ಮಾತಿಗೆ ಆ 26 ವಾರ ಸರಿಯಾಗಿ ಹೊಂದುತ್ತದೆ. ನನ್ನ ಅಕ್ಕನ ಸೊಸೆಗೆ ಹೊಂದಿತು. ಮಾರ್ಕೆಟ್ಟಿನ ಮುಂದೆ ಬುಟ್ಟಿ ಇಟ್ಟುಕೊಂಡು ಹೂ ಕಟ್ಟುವವಳಿಗೆ ರಜೆ ಕೊಡುವವರು ಯಾರು? ಅವಳು ಹತ್ತನೆಯ ದಿನಕ್ಕೇ ಬೀದಿಯಲ್ಲಿದ್ದಾಳೆ. ಸೆರಗಿನ ಮರೆಯಲ್ಲಿ ಮಗು, ಕೈಯಲ್ಲಿ ಮೊಳ ಹಾಕುತ್ತಿರುವ ಸೇವಂತಿಗೆ. ಅವಳು ಬೀದಿಯಲ್ಲಿ ಹಾಲೂಡಿಸಿದರೆ ಯಾರೂ ತಿರುಗಿ ನೋಡುವುದಿಲ್ಲ, ಬಡವಳು, ಇದ್ದದ್ದೇ ಎಂದು. ಅಂಗಡಿಗೆ ಸೀರೆ ಕೊಳ್ಳಲು ಬಂದ ನಮ್ಮಂಥವರ ಮಗು ಅತ್ತರೆ ನಾಚಿಕೆಯಿಂದ ನೀರಿನ ಬಾಟಲಿ ಬಾಯಿಗಿಡುತ್ತೇವೆ. ಹಾಲುಣ್ಣುವ ಮಗುವಿಗೆ ಆರು ತಿಂಗಳು ನೀರೇ ಬೇಡ! 2025ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಸಾರ್ವಜನಿಕ ಕಟ್ಟಡಗಳಲ್ಲಿ ಹಾಲೂಡಿಸಲು ಕೋಣೆ ಇರಲಿ ಎಂದಿದೆ. ಬರಲಿ, ಒಳ್ಳೆಯದೇ. ಆದರೆ ಪೇಟೆಯ ಗಲ್ಲಿಗಳಲ್ಲಿ ಕೋಣೆ ಕಟ್ಟಲು ಜಾಗವೆಲ್ಲಿ? ನಮ್ಮ ಬೀದಿಯ ಒಬ್ಬ ಮುದುಕ ಬಳೆ ಅಂಗಡಿಯವರು ಇದಕ್ಕೊಂದು ದಾರಿ ಕಂಡುಕೊಂಡಿದ್ದರು. ಬಳೆಗೆ ಬಂದ ಹುಡುಗಿಯ ಮಗು ಹಸಿದು ಅಳತೊಡಗಿದಾಗ ಅವರು ಸುಮ್ಮನೆ ಎದ್ದು ಹೊರಗೆ ಬಂದು, ಅಂಗಡಿಗೆ ಬೆನ್ನು ಮಾಡಿ ಮೆಟ್ಟಿಲ ಮೇಲೆ ನಿಂತರು. ಬಂದ ಗಿರಾಕಿಗಳಿಗೆಲ್ಲ, "ಐದು ನಿಮಿಷ ತಡೀರಿ ಸ್ವಾಮಿ, ಒಳಗೆ ಊಟ ನಡೀತಿದೆ" ಎಂದರು. ಹಬ್ಬದ ಹಿಂದಿನ ದಿನ, ವ್ಯಾಪಾರದ ಹೊತ್ತು ಬೇರೆ.

ಋಣದ ಮಾತಿಗೆ ಇನ್ನೊಂದು ಸಂಗತಿ ಸೇರಿಸಬೇಕು. ನನ್ನ ಯಜಮಾನರು ಮೂರು ತಿಂಗಳ ಕೂಸಾಗಿದ್ದಾಗ ನಮ್ಮತ್ತೆಗೆ ವಿಷಮಶೀತ ಜ್ವರ ಬಂತಂತೆ. ಮಗುವನ್ನು ದೂರ ಇಟ್ಟರು. ಹಸುವಿನ ಹಾಲು ಒಗ್ಗಲಿಲ್ಲ. ಹಿಂದಿನ ಮನೆಯಲ್ಲಿ ಮಗ್ಗದವರು ಇದ್ದರು. ಅವರ ಸೊಸೆಯೂ ಹಸಿ ಬಾಣಂತಿ. ಹಿರಿಯರಿಗೆ ತಿಳಿಯದಂತೆ ಹಿತ್ತಲ ಬಾಗಿಲಿನಿಂದ ಮಗು ದಿನಕ್ಕೆ ನಾಲ್ಕು ಸಲ ಆ ಮನೆಗೆ ಹೋಗಿ ಬರುತ್ತಿತ್ತು. ಹತ್ತು ಹನ್ನೆರಡು ದಿನ ಹೀಗೆ. ಜಾತಿ ಬೇರೆ, ಆದ್ದರಿಂದ ಆ ವಿಷಯ ಮನೆಯಲ್ಲಿ ಮತ್ತೆ ಬರಲಿಲ್ಲ. ಆದರೆ ಆಕೆ ಇರುವ ತನಕ ಪ್ರತಿ ವರ್ಷ ಗೌರಿ ಹಬ್ಬದಲ್ಲಿ ನಮ್ಮತ್ತೆ ಮೊದಲ ಬಾಗಿನ ಆ ಮನೆಗೇ ಕಳಿಸುತ್ತಿದ್ದರು. ಏಕೆಂದು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

2022ರಲ್ಲಿ ವಾಣಿವಿಲಾಸದಲ್ಲಿ ಎದೆಹಾಲಿನ ಬ್ಯಾಂಕು ತೆರೆದ ಸುದ್ದಿಯನ್ನು ನಾನೇ ಅವರಿಗೆ ಪತ್ರಿಕೆಯಿಂದ ಓದಿ ಹೇಳಿದೆ. ಇಂಥದ್ದು ಮುಂಬೈಯ ಸಯನ್ ಆಸ್ಪತ್ರೆಯಲ್ಲಿ 1989ರಲ್ಲೇ, ಏಷ್ಯಾದಲ್ಲೇ ಮೊದಲಿಗೆ, ಡಾಕ್ಟರ್ ಅರ್ಮೀಡಾ ಫರ್ನಾಂಡಿಸ್ ಎಂಬವರು ಶುರು ಮಾಡಿದ್ದು. ಹಾಲು ಹೆಚ್ಚಿರುವ ತಾಯಂದಿರು ಕೊಡುತ್ತಾರೆ, ಪರೀಕ್ಷೆ ಮಾಡಿ, 62.5 ಡಿಗ್ರಿ ಶಾಖದಲ್ಲಿ ಅರ್ಧ ಗಂಟೆ ಇಟ್ಟು, ತಣ್ಣಗೆ ಕಾಪಾಡಿ, ತಿಂಗಳು ತುಂಬದೆ ಹುಟ್ಟಿದ ಮಕ್ಕಳಿಗೆ ಹನಿ ಹನಿಯಾಗಿ ಕುಡಿಸುತ್ತಾರೆ ಎಂದೆ.

ಅತ್ತೆ ಕೇಳಿಸಿಕೊಂಡು, "ಯಾರ ಹಾಲು ಅಂತ ಕೇಳಲ್ವಂತಾ?" ಎಂದರು.

"ಇಲ್ಲ, ಯಾವ ಮಗುವಿಗೆ ಹೋಯ್ತು ಅಂತ ಕೊಟ್ಟವಳಿಗೂ ಗೊತ್ತಾಗಲ್ಲ" ಎಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ನಮ್ಮ ಕಾಲದಲ್ಲಿ ಇದ್ದಿದ್ರೆ ನಾನೂ ಕೊಡ್ತಿದ್ದೆ ಕಣೇ. ಜ್ವರ ಬಿಟ್ಟ ಮೇಲೆ ಎಷ್ಟು ಬರ್ತಿತ್ತು... ಸೆರಗಿಗೆಲ್ಲ ಸೋರಿ ಹೋಯ್ತು" ಎಂದರು.